ಅಡಿಕೆ ಲೆಕ್ಕಕ್ಕೊಂದು ಫಂಕ್ಷನಲ್ ಆ್ಯಪ್: ಆರು ಸೂತ್ರ

ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರು ಹುಡುಗಿಯರು ಈಗ ಊರ ಜಗುಲಿಯಲ್ಲೇ ಕೂತು ಕೋಡ್ ಬರೆಯುತ್ತಾರೆ. ಮನೆಯ ತೋಟಕ್ಕೇ ಒಂದು ಆ್ಯಪ್ ಮಾಡುವ ಹುಮ್ಮಸ್ಸಿದೆಯೇ? ಶುರು ಮಾಡಿ.

1. 'ಫಂಕ್ಷನಲ್ ಭಾಷೆ ಕಾಲೇಜಿನ ಪಾಠಕ್ಕಷ್ಟೇ' ಎನ್ನುವವರಿಗೆ ನಮ್ಮ ಯಾತ್ರಿ ತೋರಿಸಿ. ಬೆಂಗಳೂರಿನಲ್ಲಿ 2022ರಲ್ಲಿ ಬಂದ ಈ ಆಟೊ ಆ್ಯಪ್‌ನ ಸರ್ವರ್ ಹ್ಯಾಸ್ಕೆಲ್‌ನದು, ಫೋನಿನ ಪರದೆಗೆ ಬಳಸಿದ್ದು ಪ್ಯೂರ್‌ಸ್ಕ್ರಿಪ್ಟ್; ಎರಡೂ ಫಂಕ್ಷನಲ್ ಭಾಷೆಗಳೇ. ಕೋಡ್ ಗಿಟ್‌ಹಬ್‌ನಲ್ಲಿ ತೆರೆದೇ ಇದೆ.

2. ಮೊದಲ ಫಂಕ್ಷನ್ ಕೊಳೆರೋಗದ ಔಷಧಿಯದಾಗಲಿ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಡ್ರಮ್ಮಿನ ಅಳತೆ ಕೊಟ್ಟರೆ ತೂಕ ಬರಬೇಕು, ಅಷ್ಟೆ. ಫಂಕ್ಷನ್ ಗಡಿಯಾರ ನೋಡಬಾರದು, ನೆಟ್‌ವರ್ಕ್ ಕೇಳಬಾರದು.

3. ರಾಶಿ, ಬೆಟ್ಟೆ, ಗೊರಬಲು, ಸರಕು: ಅಡಿಕೆಯ ಈ ದರ್ಜೆಗಳನ್ನು ಬರಿಯ ಅಕ್ಷರಗಳಾಗಿ ಇಡಬೇಡಿ, ಕೋಡಿನಲ್ಲಿ ಒಂದು ಟೈಪ್ ಆಗಿಸಿ. ದರ ಹಾಕುವಾಗ ಗೊರಬಲು ಮರೆತರೆ ಕಂಪೈಲರೇ ತಡೆಯುತ್ತದೆ. ಮಂಡಿಗೆ ಹೋಗಿ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

4. ಹೆಚ್ಚಿನವರು ಎಡವುವುದು ಇಲ್ಲಿ. ಸುಲಿತದ ರಾತ್ರಿ ಅಪ್ಪಯ್ಯ ತಮ್ಮ ಫೋನಿನಲ್ಲಿ ಸುಲಿದ ಅಡಿಕೆ ಮೂರು ಡಬ್ಬ ಎಂದು ಬರೆಯುತ್ತಾರೆ, ಅತ್ತಿಗೆ ತನ್ನದರಲ್ಲಿ ಎರಡು. ಇಬ್ಬರ ಫೋನಿಗೂ ಸಿಗ್ನಲ್ ಇಲ್ಲ. 'ಒಟ್ಟು ಡಬ್ಬ' ಎಂಬ ಒಂದೇ ಸಂಖ್ಯೆಯನ್ನು ತಿದ್ದುವ ಆ್ಯಪ್ ಆದರೆ, ಬೆಳಿಗ್ಗೆ ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಾಗ ಒಬ್ಬರ ಲೆಕ್ಕ ಇನ್ನೊಬ್ಬರದನ್ನು ನುಂಗುತ್ತದೆ. ಸುಲಿದವರ ಕೂಲಿಗೇ ಕತ್ತರಿ. ಬದಲಿಗೆ ಹಳೆಯ ಖಾತೆ ಪುಸ್ತಕದಂತೆ ಸಾಲು ಸೇರಿಸುತ್ತಾ ಹೋಗಿ. ಬರೆದದ್ದನ್ನು ಅಳಿಸಬೇಡಿ, ತಪ್ಪಿದ್ದರೆ ತಿದ್ದುಪಡಿಯ ಹೊಸ ಸಾಲು ಹಾಕಿ. ಪ್ರತಿ ಸಾಲಿಗೂ ಬೇರೆ ಗುರುತುಸಂಖ್ಯೆ ಇರಲಿ, ಎರಡು ಸಲ ರವಾನೆಯಾದರೂ ಒಮ್ಮೆಯೇ ಎಣಿಸಲು. ಒಟ್ಟು ಎಷ್ಟೆಂಬುದನ್ನು ಫೋಲ್ಡ್ ಫಂಕ್ಷನ್ ಸಾಲುಗಳಿಂದ ಲೆಕ್ಕಹಾಕಿ ಕೊಡುತ್ತದೆ. ಕೊನೆ ಇಳಿಸುವ ಕೊನೆಗೌಡನ ಮುಂಗಡಕ್ಕೂ ಇದೇ ದಾರಿ.

5. ಭಾಷೆಯ ಹಟ ಬೇಡ. ಎಲ್ಮ್ ನನಗೆ ಬಲು ಇಷ್ಟ, ಆದರೆ ಅದು ಬ್ರೌಸರಿನ ಭಾಷೆ. ಆಂಡ್ರಾಯ್ಡ್‌ಗೆ ಕೋಟ್ಲಿನ್ ಗೊತ್ತಿದ್ದರೆ ಸೀಲ್ಡ್ ಕ್ಲಾಸ್, ಬದಲಾಗದ ಪಟ್ಟಿ ಇಷ್ಟರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಕ್ಯಾಮೆರಾ, ಕಡತ, ನೆಟ್‌ವರ್ಕ್ ಹೊರಗಿನ ಜಗುಲಿಯಲ್ಲಿರಲಿ, ಲೆಕ್ಕ ಒಳಮನೆಯಲ್ಲಿ.

6. ಗುಂಡಿಗಳು ದೊಡ್ಡವಿರಲಿ, ಒತ್ತುವ ಬೆರಳಿಗೆ ಅಡಿಕೆಯ ಚೊಗರು ಅಂಟಿರುತ್ತದೆ. ಮೊನಾಡ್ ಎಂದರೇನೆಂದು ಮಾತ್ರ ಅಪ್ಪಯ್ಯನಿಗೆ ವಿವರಿಸಲು ಹೋಗಬೇಡಿ. ಅವರು ಕೇಳುವುದು ಇಷ್ಟೇ: 'ಡಬ್ಬ ಎಷ್ಟಾಯ್ತಾ?'