ಪ್ರೊಸೆಸರ್ ಮತ್ತು ಮೆಮೊರಿಗಳ ನಡುವಣ ತಾಮ್ರದ ದಾರಿ

ಗಣಕಯಂತ್ರದ ಸರ್ಕ್ಯೂಟ್ ಬೋರ್ಡನ್ನು ಮೊದಲ ಬಾರಿಗೆ ನಿಟ್ಟಿಸಿ ನೋಡಿದವರಿಗೆ ಪ್ರೊಸೆಸರಿಗೂ ಮೆಮೊರಿ ಚಿಪ್ಪಿಗೂ ನಡುವೆ ತಾಮ್ರದ ಗೆರೆಗಳು ಹಾವಿನಂತೆ ಹೊರಳಿ ಸಾಗಿರುವುದು ವಿಚಿತ್ರವಾಗಿ ತೋರುತ್ತದೆ. ನೇರವಾದ ಮಾರ್ಗವಿರಲು ಈ ಬಳಸುದಾರಿಯೇಕೆಂಬ ಸಂದೇಹವು ಸಹಜವಾದುದೇ.

ವಿದ್ಯುತ್ಸಂಕೇತವು ಬೋರ್ಡಿನಲ್ಲಿ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರು ದೂರವನ್ನು ಕ್ರಮಿಸುತ್ತದೆ. ಅಂದರೆ ಶೂನ್ಯದಲ್ಲಿ ಬೆಳಕಿಗಿರುವ ವೇಗದ ಅರ್ಧದಷ್ಟು. ಜೆಡೆಕ್ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಡಿಡಿಆರ್3 ಮಾನಕದ 1600ರ ದರ್ಜೆಯಲ್ಲಿ ಒಂದೊಂದು ದತ್ತಾಂಶದ ಗೆರೆಯಲ್ಲಿಯೂ ಸೆಕೆಂಡಿಗೆ 160 ಕೋಟಿ ಬಿಟ್‌ಗಳು ಹರಿಯುತ್ತವೆ. ಒಂದು ಬಿಟ್‌ಗೆ ದೊರೆಯುವ ಕಾಲ ಕೇವಲ 625 ಪಿಕೋಸೆಕೆಂಡು. ಎಂಟು ಗೆರೆಗಳಿಗೆ ಸ್ಟ್ರೋಬ್ ಎಂಬ ಒಂದು ಜೋಡಿಗೆರೆಯುಂಟು. ಅದರ ಸನ್ನೆಯನ್ನನುಸರಿಸಿಯೇ ಆ ಎಂಟನ್ನೂ ಓದತಕ್ಕದ್ದು. ಗುಂಪಿನಲ್ಲಿ ಒಂದು ಗೆರೆ 1 ಸೆಂಟಿಮೀಟರಿನಷ್ಟು ಉದ್ದವಾದರೆ ಅದರ ಬಿಟ್ ಸುಮಾರು 67 ಪಿಕೋಸೆಕೆಂಡು ತಡವಾಗಿ ಬರುತ್ತದೆ. ಬಿಟ್‌ನ ಆಯುಸ್ಸಿನಲ್ಲಿ ಹತ್ತನೆಯ ಒಂದು ಪಾಲಿಗೂ ಮಿಗಿಲಾದ ಈ ನಷ್ಟವು ಅಲ್ಪವಲ್ಲ. ಆದುದರಿಂದಲೇ ಗಿಡ್ಡವಾದ ಗೆರೆಗಳನ್ನು ಮಡಿಸಿ ಮಡಿಸಿ ಉದ್ದವಾದುದಕ್ಕೆ ಸರಿದೂಗಿಸುತ್ತಾರೆ.

ಆದರೆ ಸಮಗೊಳಿಸಬೇಕಾದುದು ಉದ್ದವನ್ನಲ್ಲ, ಕಾಲವನ್ನು. ಛಂದಸ್ಸನ್ನು ಬಲ್ಲವರಿಗೆ ಇದು ಹೊಸದಲ್ಲ: ಕಂದಪದ್ಯದ ಗಣದಲ್ಲಿ ಗುರುವೆರಡು ಬರಲಿ, ಲಘು ನಾಲ್ಕು ಬರಲಿ, ಮಾತ್ರೆ ಮಾತ್ರ ನಾಲ್ಕೇ, ಅಕ್ಷರಗಳ ಎಣಿಕೆಯಿಂದ ಪ್ರಯೋಜನವಿಲ್ಲ. ಬೋರ್ಡಿನ ಹೊರಪದರದಲ್ಲಿ ಗೆರೆಯ ಒಂದು ಮಗ್ಗುಲಿಗೆ ಗಾಳಿಯಿರುವುದರಿಂದ ಸಂಕೇತವು ಕೊಂಚ ಬೇಗನೆ ಓಡುತ್ತದೆ, ಒಳಪದರದಲ್ಲಿ ನಿಧಾನ. ಹೀಗಾಗಿ ಅಳತೆಪಟ್ಟಿಯಲ್ಲಿ ಸಮವಾದ ಎರಡು ಗೆರೆಗಳು ಕಾಲದಲ್ಲಿ ವಿಷಮವಾಗಬಹುದು. ಒಂದು ಗುಂಪಿನ ಗೆರೆಗಳೆಲ್ಲವನ್ನೂ ಒಂದೇ ಪದರದಲ್ಲಿ ಒಯ್ಯುವ ಪದ್ಧತಿ ಈ ಕಾರಣಕ್ಕಾಗಿಯೇ ಬಂದಿದೆ.

ಮಡಿಕೆಗಳನ್ನು ಒತ್ತಾಗಿ ಹಾಕುವುದೂ ದೋಷವೇ. ಪಕ್ಕದ ತೋಳಿಗೆ ಸಂಕೇತವು ಸೋರಿ ಮುಂದಕ್ಕೆ ನೆಗೆಯುವುದರಿಂದ ಎಣಿಸಿದ ವಿಳಂಬವು ಸಿಗುವುದಿಲ್ಲ. ಇನ್ನು ಗೆರೆಗಳ ಕೆಳಗೆ ಗ್ರೌಂಡ್ ಪದರವು ಸೀಳಿಲ್ಲದೆ ಹರಡಿರಬೇಕು. ಹೋದ ವಿದ್ಯುತ್ತು ಗೆರೆಯ ನೇರ ಕೆಳಗಿನಿಂದಲೇ ಮರಳಬಯಸುತ್ತದೆ. ಅಲ್ಲಿ ಬಿರುಕಿದ್ದರೆ ಸುತ್ತಿ ಬರುತ್ತ ನೆರೆಯ ಸಂಕೇತಗಳನ್ನೆಲ್ಲ ಕಲಕುತ್ತದೆ. ಉದ್ದವನ್ನು ಕೂದಲೆಳೆಯಷ್ಟು ನಿಷ್ಕರ್ಷೆಯಾಗಿ ಅಳೆದವರೂ ಇದೊಂದನ್ನು ಮರೆತು ಕೆಡುತ್ತಾರೆ.

ಒಂದು ಸೌಕರ್ಯವಿದೆ. ಎಂಟರ ಗುಂಪಿನೊಳಗೆ ದತ್ತಾಂಶದ ಗೆರೆಗಳನ್ನು ಸಾಮಾನ್ಯವಾಗಿ ಅದಲುಬದಲು ಮಾಡಬಹುದು. ಬರೆಯುವಾಗಿನ ವ್ಯತ್ಯಾಸವು ಓದುವಾಗ ತಾನೇ ಸರಿಹೋಗುತ್ತದೆ. ವಿಳಾಸದ ಗೆರೆಗಳಿಗೆ ಈ ಸ್ವಾತಂತ್ರ್ಯ ಸಲ್ಲದು. ಚಿಪ್ಪಿನ ನಡವಳಿಕೆಯನ್ನು ಗೊತ್ತುಪಡಿಸುವ ಆಜ್ಞೆಗಳು ಆ ಗೆರೆಗಳಲ್ಲಿಯೇ ಬರುವುದರಿಂದ, ಅವು ಹೆಣೆದುಕೊಂಡರೆ ಆಜ್ಞೆಯೇ ಬೇರಾಗುತ್ತದೆ.