ಬೇಲಿ ಮೇಲಿನ ಕವಳಿ: ಯಾವ ಹಂತದ ಕಾಯಿ ಯಾವ ಅಡುಗೆಗೆ?

ಕೇಕಿನ ಮೇಲೆ ಕೂರಿಸುವ ಕೆಂಪು ಚೆರ್ರಿ ಇದೆಯಲ್ಲ, ನಮ್ಮ ಬೇಕರಿಗಳಲ್ಲಿ ಅದು ಎಷ್ಟೋ ಸಲ ಚೆರ್ರಿ ಆಗಿರೋದೇ ಇಲ್ಲ. ಕವಳಿಕಾಯಿಯ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಊರಿಸಿದ್ದು. ಬೀಡಾ ಅಂಗಡಿಯ ಚೆರ್ರಿಯೂ ಬಹುಪಾಲು ಇದೇ. ಅಂದರೆ ಮಕ್ಕಳು ಕೇಕಿನ ಮೇಲಿಂದ ಮೊದಲು ಕಿತ್ತು ತಿನ್ನೋದು ನಮ್ಮ ಬೇಲಿಯ ಕಾಯಿಯನ್ನೇ.

ಈ ವಾರ ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ನಮ್ಮ ಸುತ್ತಮುತ್ತ ಹಳೇ ಕವಳಿ ಬೇಲಿಗಳನ್ನು ಜೆಸಿಬಿ ತರಿಸಿ ಕಿತ್ತು, ತಂತಿ ಜಾಲರಿ ಹಾಕಿಸುವವರು ಹೆಚ್ಚಾಗಿದ್ದಾರೆ. ಪಕ್ಕದ ತೋಟದ ಅಣ್ಣನೂ ಅದೇ ಯೋಚನೆಯಲ್ಲಿದ್ದಾರೆ. "ಹುಳಿ ಅಂದ್ರೆ ಹುಳಿ ಮಾರಾಯ, ಹಕ್ಕಿ ಬಿಟ್ರೆ ಯಾರೂ ತಿನ್ನಲ್ಲ. ಇಟ್ಕೊಂಡು ಏನ್ ಮಾಡ್ಲಿ?" ಅಂತ ಕೇಳಿದರು. ಅವರ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ಕಾಯಿಗೆ ಅಡುಗೆಮನೆಯಲ್ಲಿ ಜಾಗ ಇಲ್ಲ ಅಂದಮೇಲೆ ಉಳಿಯೋದು ಮುಳ್ಳು ಮಾತ್ರ. ಆದರೆ ಕವಳಿಯ ಹುಳಿ ಒಂದೇ ಥರ ಇರೋದಿಲ್ಲ, ಹಂತ ಹಂತಕ್ಕೂ ಬದಲಾಗುತ್ತೆ. ಎಳೆಗಾಯಿಗೆ ಮಾಡುವ ಅಡುಗೆಯನ್ನು ಹಣ್ಣಿಗೆ ಮಾಡಿದರೆ ಕೆಡುತ್ತೆ, ಹಣ್ಣಿಗೆ ಮಾಡುವುದನ್ನು ಎಳೆಗಾಯಿಗೆ ಮಾಡಿದರೆ ಬಾಯಿಗಿಡೋಕೆ ಆಗಲ್ಲ. ಇಷ್ಟು ಗೊತ್ತಾದರೆ ಎರಡು ತಿಂಗಳು ಬೇಲಿಯಿಂದ ಏನಾದರೂ ಮನೆಗೆ ಬರುತ್ತಾ ಇರುತ್ತೆ.

ಕೆಲವು ಕಡೆ ಕೌಳಿ ಅಂತಾರೆ, ತುಳುನಾಡಿನಲ್ಲಿ ಕರಂಡೆ, ಮರಾಠಿಯಲ್ಲಿ ಕರವಂದ. ಸಸ್ಯಶಾಸ್ತ್ರದಲ್ಲಿ ಕ್ಯಾರಿಸ್ಸಾ ಕರಾಂಡಸ್, ಕಣಗಿಲೆಯ ಕುಟುಂಬದ್ದು. ಕಾಯಿ ಕಿತ್ತಾಗ ಬಿಳಿ ಹಾಲು ಒಸರೋದು ಅದಕ್ಕೇ. ಅಡುಗೆಗೆ ಬೇಕಾದ್ದು ಕಾಯಿ, ಹಣ್ಣು ಅಷ್ಟೇ, ಬೇರೆ ಭಾಗಕ್ಕೆ ಕೈ ಹಾಕಬೇಡಿ. ಆ ಹಾಲು ಚಾಕು, ಪಾತ್ರೆ, ಬೆರಳು ಎಲ್ಲಕ್ಕೂ ಗೋಂದಿನಂತೆ ಅಂಟಿಕೊಳ್ಳುತ್ತೆ. ಹಲಸಿನಕಾಯಿ ಹೆಚ್ಚುವಾಗ ಮಾಡೋ ಹಾಗೆ ಕೈಗೂ ಚಾಕುಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕೊಯ್ದ ಕಾಯಿಯನ್ನು ಉಪ್ಪು ನೀರಲ್ಲಿ ಅರ್ಧ ಗಂಟೆ ಬಿಟ್ಟು ತೊಳೆದರೆ ಮೇಲಿನ ಅಂಟು ಹೋಗುತ್ತೆ. ಪಾತ್ರೆ ಸ್ಟೀಲಿನದ್ದೇ ಇರಲಿ. ಇಷ್ಟು ಹುಳಿ ಇರುವುದನ್ನು ಅಲ್ಯೂಮಿನಿಯಮ್ಮಿನಲ್ಲಿ ಕುದಿಸಬಾರದು.

ಹಸಿರು ಎಳೆಗಾಯಿ

ಬೀಜ ಇನ್ನೂ ಬಲಿಯದ, ಗಟ್ಟಿ ಹಸಿರು ಕಾಯಿ ಉಪ್ಪಿನಕಾಯಿಗೆ. ಮಾವಿನ ಮಿಡಿ ಹಾಕುವ ಕೈಗೆ ಇದು ಹೊಸದೇನಲ್ಲ. ಒಂದು ಕೆಜಿ ಕಾಯಿ ತೊಳೆದು ಬಟ್ಟೆ ಮೇಲೆ ಪೂರ್ತಿ ಆರಿಸಿ, 200 ಗ್ರಾಂ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ಹಾಕಿ. ದಿನಾ ಒಮ್ಮೆ ಕುಲುಕಿ. ಎಂಟು-ಹತ್ತು ದಿನಕ್ಕೆ ನೀರು ಬಿಟ್ಟು ಕಾಯಿ ಸುಕ್ಕಾಗುತ್ತೆ. ಆ ಉಪ್ಪು ನೀರನ್ನು ಬಸಿದು ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ 50 ಗ್ರಾಂ ಸಾಸಿವೆ, 75 ಗ್ರಾಂ ಒಣಮೆಣಸು, ಚೂರು ಅರಿಸಿನ ರುಬ್ಬಿ ಕಾಯಿಗೆ ಬೆರೆಸಿ. ಕಾಯಿ ಯಾವಾಗಲೂ ರಸದಲ್ಲಿ ಮುಳುಗಿರಬೇಕು, ಮೇಲೆ ತೇಲಿದರೆ ಬೂಸ್ಟು ಬರುತ್ತೆ.

ದಿನದ ಅಡುಗೆಗೆ ಇನ್ನೂ ಸುಲಭ. ಹುಣಸೆಹಣ್ಣಿನ ಬದಲು ಎಂಟ್ಹತ್ತು ಕಾಯಿ ಜಜ್ಜಿ ಸಾರಿಗೆ ಹಾಕಿ. ಕಾಯಿತುರಿ, ಹಸಿಮೆಣಸು, ಉಪ್ಪಿನ ಜೊತೆ ನಾಲ್ಕೈದು ಕಾಯಿ ರುಬ್ಬಿ ಇಂಗಿನ ಒಗ್ಗರಣೆ ಕೊಟ್ಟರೆ ಚಟ್ನಿ. ನನ್ನ ಕೇಳಿದರೆ ದೋಸೆಗಿಂತ ಗಂಜಿಗೇ ಇದು ಚೆನ್ನ.

ಕೆಂಪಿಗೆ ತಿರುಗಿದ ಕಾಯಿ

ಹೆಚ್ಚು ಜನ ಕೈಬಿಡೋದು ಈ ಹಂತವನ್ನೇ. ಉಪ್ಪಿನಕಾಯಿಗೆ ತಡ, ತಿನ್ನೋಕೆ ಬೇಗ ಅಂತ. ಆದರೆ ಜೆಲ್ಲಿಗೆ ಇದೇ ಸರಿಯಾದ ಕಾಯಿ. ಜೆಲ್ಲಿ ಗಟ್ಟಿಯಾಗೋಕೆ ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಬೇಕು. ಹಣ್ಣು ಪೂರ್ತಿ ಮಾಗಿದ ಹಾಗೆಲ್ಲ ಪೆಕ್ಟಿನ್ ಒಡೆದು ಕಮ್ಮಿಯಾಗುತ್ತೆ. ಅರೆಗೆಂಪಿನ ಕವಳಿಯಲ್ಲಿ ಪೆಕ್ಟಿನ್ನೂ ಇದೆ, ಹುಳಿಯೂ ಇದೆ. ನಿಂಬೆರಸವಾಗಲಿ ಅಂಗಡಿ ಪುಡಿಯಾಗಲಿ ಬೇಕಾಗಲ್ಲ.

ಒಂದು ಕೆಜಿ ಕಾಯಿಯನ್ನು ಸ್ವಲ್ಪ ಜಜ್ಜಿ, ಮುಳುಗುವಷ್ಟೇ ನೀರು ಹಾಕಿ 20-25 ನಿಮಿಷ ಮೆತ್ತಗೆ ಬೇಯಿಸಿ. ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ತಾನಾಗಿ ತೊಟ್ಟಿಕ್ಕಲಿ. ಹಿಂಡಿದರೆ ಜೆಲ್ಲಿ ಮಬ್ಬಾಗುತ್ತೆ. ರಸದಲ್ಲಿ ಪೆಕ್ಟಿನ್ ಎಷ್ಟಿದೆ ಅಂತ ನೋಡೋಕೆ ಕಾಲೇಜಿನಲ್ಲಿ ಕಲಿತ ಒಂದು ಪರೀಕ್ಷೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು. ತಣ್ಣಗಾದ ಒಂದು ಚಮಚ ರಸಕ್ಕೆ ಒಂದು ಚಮಚ ಸ್ಪಿರಿಟ್ ಬೆರೆಸಿ ಎರಡು ನಿಮಿಷ ಬಿಡಿ. ಒಂದೇ ಗಟ್ಟಿ ಮುದ್ದೆಯಾದರೆ ಒಂದು ಲೋಟ ರಸಕ್ಕೆ ಮುಕ್ಕಾಲರಿಂದ ಒಂದು ಲೋಟ ಸಕ್ಕರೆ, ಚೂರು ಚೂರಾದರೆ ಅರ್ಧ ಲೋಟ ಸಾಕು. ಸ್ಪಿರಿಟ್ ವಿಷ, ಪರೀಕ್ಷೆ ಮಾಡಿದ್ದನ್ನು ಚೆಲ್ಲಿಬಿಡಿ, ರುಚಿ ನೋಡಬೇಡಿ.

ಸಕ್ಕರೆ ಕರಗಿಸಿ ಜೋರು ಉರಿಯಲ್ಲಿ ಕುದಿಸಿ. ಪುಸ್ತಕಗಳಲ್ಲಿ 105 ಡಿಗ್ರಿಗೆ ಇಳಿಸಿ ಅಂತ ಇರುತ್ತೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರಿನಷ್ಟು ಎತ್ತರದಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. ನಿಮ್ಮೂರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತೋ ಅದಕ್ಕೆ ಐದು ಡಿಗ್ರಿ ಸೇರಿಸಿಕೊಳ್ಳಿ. ಥರ್ಮಾಮೀಟರ್ ಇಲ್ಲದಿದ್ದರೆ ಚಮಚ ಅದ್ದಿ ವಾಲಿಸಿ ನೋಡಿ. ಹನಿ ಹನಿಯಾಗಿ ಬಿದ್ದರೆ ಇನ್ನೂ ಆಗಿಲ್ಲ, ಎರಡು ಹನಿ ಕೂಡಿಕೊಂಡು ಹಾಳೆಯಂತೆ ಜಾರಿದರೆ ತಕ್ಷಣ ಇಳಿಸಿ. ಬಣ್ಣ ಮಾಣಿಕ್ಯದ ಹಾಗಿರುತ್ತೆ. ಮಾರುವ ಯೋಚನೆ ಇದ್ದರೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಜೆಲ್ಲಿಯಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು ಅನ್ನೋದು ನಿಯಮ.

ಇದೇ ಕಾಯಿಗೆ ಬೆಲ್ಲ ಹಾಕಿ ಗೊಜ್ಜೂ ಮಾಡಬಹುದು. ಬೀಜ ತೆಗೆದು, ಬೆಲ್ಲ, ಉಪ್ಪು, ಮೆಣಸಿನ ಪುಡಿ ಹಾಕಿ ಕುದಿಸಿ ಸಾಸಿವೆ ಒಗ್ಗರಣೆ ಕೊಟ್ಟರೆ ಆಯ್ತು.

ಕಪ್ಪು ಹಣ್ಣು

ಇದಕ್ಕೆ ಪಾಠ ಬೇಕಾಗಿಲ್ಲ, ಉಪ್ಪು-ಖಾರ ಅದ್ದಿ ತಿನ್ನಿ. ಮಳೆ ಹಿಡಿಯೋ ಮೊದಲು ಕೊಯ್ದರೆ ಒಳ್ಳೆಯದು, ಮಳೆ ಬಿದ್ದ ಮೇಲೆ ಹಣ್ಣು ಸಪ್ಪೆಯಾಗಿ ಒಡೆಯುತ್ತೆ. ಕೊಯ್ದ ಹಣ್ಣು ಎರಡು ದಿನ ತಡೆದರೆ ಹೆಚ್ಚು. ಜಾಸ್ತಿ ಬಂದರೆ ಶರಬತ್ತು ಮಾಡಿ. ಒಂದು ಕೆಜಿ ಹಣ್ಣಿಗೆ ಅರ್ಧ ಲೀಟರ್ ನೀರು ಹಾಕಿ ಕೈಯಲ್ಲೇ ಕಿವುಚಿ ಸೋಸಿ. ಒಂದು ಲೀಟರ್ ರಸಕ್ಕೆ ಒಂದೂಕಾಲು ಕೆಜಿ ಸಕ್ಕರೆ ಹಾಕಿ, ಬಿಸಿ ಮಾಡಿ ಕರಗಿಸಿ, ಆರಿಸಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಕುಡಿಯುವಾಗ ನೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ.

ಬೇಲಿ ಇಟ್ಟುಕೊಳ್ಳುವವರಿಗೆ ಒಂದು ಮಾತು. ಹೂಗೊಂಚಲು ಬರೋದು ಚಿಗುರಿನ ತುದಿಯಲ್ಲಿ. ಚಳಿಗಾಲದ ಕೊನೆಗೆ ಬೇಲಿ ನೀಟಾಗಿ ಕಾಣಲಿ ಅಂತ ಬೋಳಾಗಿ ಸವರಿದರೆ ಆ ವರ್ಷ ಕಾಯಿಯ ಆಸೆ ಬಿಡಿ. ಸವರೋದೇ ಇದ್ದರೆ ಕೊಯ್ಲು ಮುಗಿದ ಮೇಲೆ. ಹೊಸದಾಗಿ ನೆಡುವವರು ದೊಡ್ಡ ಕಾಯಿಯ ತಳಿ ಬೇಕಿದ್ದರೆ ದಾಪೋಲಿಯ ಕೊಂಕಣ ಬೋಲ್ಡ್, ಪಂತನಗರದ ಪಂತ್ ಮನೋಹರ್ ಕೇಳಿ ನೋಡಿ. ಬರೀ ಬೇಲಿಗಾದರೆ ಶರಬತ್ತು ಸೋಸಿದ ಬೀಜವೇ ಸಾಕು. ಅದು ಬೇಯಿಸಿದ್ದಲ್ಲ, ಮೊಳೆಯುತ್ತೆ. ಒಣಗಿಸಿ ಎತ್ತಿಟ್ಟರೆ ಬೇಗ ಸತ್ತುಹೋಗುತ್ತೆ, ಹಾಗಾಗಿ ತೊಳೆದು ಅದೇ ವಾರ ಚೀಲಕ್ಕೆ ಹಾಕಿ. ಮುಂದಿನ ಮುಂಗಾರಿಗೆ ಎರಡರಿಂದ ಮೂರು ಅಡಿಗೆ ಒಂದರಂತೆ ನೆಡಬಹುದು.