ವರ್ತಮಾನಕಾಲದ ರೂಪ ಮತ್ತು ಪ್ರಯೋಗ: ಚೀಕಲಪರ್ವಿ ಸೀಮೆಯ ಕನ್ನಡ ಹಾಗೂ ಎಸ್ಟೋನಿಯನ್

ಶಾಲಾ ವ್ಯಾಕರಣಗಳು ವರ್ತಮಾನಕ್ಕೆ 'ಉತ್ತ' ಎಂಬ ಒಂದೇ ಕಾಲಸೂಚಕವನ್ನು ಹೇಳಿ ಮುಗಿಸುತ್ತವೆ. ಆದರೆ 'ನಾಳೆ ಬರುತ್ತೇನೆ', 'ದಿನಾಲೂ ಬರುತ್ತೇನೆ' ಎಂಬಲ್ಲಿ ಈ ರೂಪವು ನಡೆಯುತ್ತಿರುವ ಕ್ರಿಯೆಯನ್ನು ಹೇಳುವುದೇ ಇಲ್ಲ. ವಿಜಯದಾಸರ ಹುಟ್ಟೂರಾದ ಚೀಕಲಪರ್ವಿಯನ್ನೊಳಗೊಂಡ ಮಾನ್ವಿ-ದೇವದುರ್ಗ ಸೀಮೆಯ ಆಡುಮಾತು ಈ ವಿಷಯದಲ್ಲಿ ಹೆಚ್ಚು ಖಚಿತ. 'ರೊಟ್ಟಿ ತಿಂತೀನಿ' ಎಂದರೆ ರೂಢಿ, ಇಲ್ಲವೆ ಮುಂದಿನ ಮಾತು. 'ರೊಟ್ಟಿ ತಿನ್ನಾಕತ್ತೀನಿ' ಎಂದರೆ ತುತ್ತು ಈಗ ಬಾಯಲ್ಲಿದೆ. 'ತಿನ್ನಾಕ' (ತಿನ್ನಲಿಕ್ಕೆ) ಎಂಬುದಕ್ಕೆ 'ತೊಡಗು' ಎಂಬರ್ಥದ 'ಹತ್ತು' ಧಾತು ಸೇರಿ, ಹಕಾರ ಲೋಪವಾಗಿ ಈ ರೂಪ ಸಿದ್ಧಿಸಿದೆ. 'ಹತ್ತೀನಿ' ಎಂದರೆ 'ಹತ್ತಿದ್ದೇನೆ'. ತೊಡಗಿದ್ದಾಗಿದೆ, ಇನ್ನೂ ಬಿಟ್ಟಿಲ್ಲ. ಭೂತರೂಪದ ಮೇಲೆ ವರ್ತಮಾನವನ್ನು ಕಟ್ಟುವುದು ಕನ್ನಡಕ್ಕೆ ಹೊಸದೇನಲ್ಲ: ಕೇಶಿರಾಜ ಹೇಳುವ 'ದಪ' ಪ್ರತ್ಯಯದ 'ಬಂದಪಂ' ರೂಪವನ್ನೂ 'ಬಂದು' ಎಂಬುದರಿಂದ ಬಿಡಿಸುವುದುಂಟು. ನಿಷೇಧದಲ್ಲಿಯೂ 'ತಿನ್ನಂಗಿಲ್ಲ', 'ತಿನ್ನಾಕತ್ತಿಲ್ಲ' ಎಂಬ ಭೇದ ಉಳಿಯುತ್ತದೆ.

ಫಿನ್ನೋ-ಉಗ್ರಿಕ್ ವರ್ಗದ ಎಸ್ಟೋನಿಯನ್ನಿನಲ್ಲಿ ವರ್ತಮಾನಕ್ಕೆ ಕಾಲಪ್ರತ್ಯಯವೇ ಇಲ್ಲ. ಕ್ರಿಯಾಪ್ರಕೃತಿಗೆ ನೇರವಾಗಿ ಪುರುಷಪ್ರತ್ಯಯ ಸೇರುತ್ತದೆ: 'ಲೋಎನ್' (ಓದುತ್ತೇನೆ), 'ಲೋಎದ್' (ಓದುತ್ತೀಯೆ), 'ಲೋಎಬ್' (ಓದುತ್ತಾನೆ, ಓದುತ್ತಾಳೆ). ಭವಿಷ್ಯತ್ತಿಗೂ ಸಾಮಾನ್ಯವಾಗಿ ಇದೇ ರೂಪ. ಕ್ರಿಯೆ ನಡೆಯುತ್ತಿದೆಯೋ ಮುಗಿಯಲಿದೆಯೋ ಎಂಬುದನ್ನು ಬಹುಮಟ್ಟಿಗೆ ಕರ್ಮಪದದ ವಿಭಕ್ತಿ ತಿಳಿಸುತ್ತದೆ: 'ಲೋಎನ್ ರಾಮತುತ್' ಎಂದರೆ ಪುಸ್ತಕ ಓದುತ್ತಿದ್ದೇನೆ, 'ಲೋಎನ್ ರಾಮತು ಲ್ಯಾಬಿ' ಎಂದರೆ ಪುಸ್ತಕ ಓದಿ ಮುಗಿಸುತ್ತೇನೆ. ಅಲ್ಲಿ ನಾಮಪದ ಹೊತ್ತ ಭಾರವನ್ನು ರಾಯಚೂರಿನ ಕನ್ನಡ ಕ್ರಿಯಾಪದದೊಳಗೇ ಹೊರುತ್ತದೆ.

ಹೀಗಿರುವಾಗ ಉತ್ತರಪತ್ರಿಕೆಯಲ್ಲಿ 'ತಿನ್ನಾಕತ್ತೀನಿ'ಯನ್ನು 'ತಿನ್ನುತ್ತೇನೆ' ಎಂದು ತಿದ್ದಿದರೆ ಅರ್ಥವೇ ಬದಲಾಗುತ್ತದೆ. ತಿದ್ದಲೇಬೇಕಾದರೆ 'ತಿನ್ನುತ್ತಿದ್ದೇನೆ' ಎಂದು ತಿದ್ದಬೇಕು.